ಅಂಗಳದ ಕಡೆಯ ಗೋಡೆ

ಜಿಲ್ಲಾ ಕೌನ್ಸಿಲ್ಲಿನಿಂದ ಎರಡನೇ ಸಲವೂ 'ಅನುಮತಿ ಇಲ್ಲ' ಎಂಬ ಕಾಗದ ಬಂದಾಗ ಲಿನೆಟ್ ಎಂಡಕಾಟ್ ಮೊಟ್ಟೆ ಹುರಿಯುತ್ತಿದ್ದಳು. ಮೇ ತಿಂಗಳ ಬೆಳಗು. ಹೊರಗೆ ಡೆವನ್ ಸೀಮೆಯ ಗುಡ್ಡಗಳ ಮೇಲೆ ಬಿಸಿಲು ಕಣ್ಣು ಕುಕ್ಕುವ ಹಾಗೆ ಬಿದ್ದಿತ್ತು. ಒಳಗೆ ಅಡಿಗೆಮನೆಯಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಆ ಅಡಿಗೆಮನೆಗೆ ಇದ್ದದ್ದು ಒಂದೇ ಕಿಟಕಿ, ಉತ್ತರಕ್ಕೆ, ಕೋಳಿಗೂಡಿನ ಬಾಗಿಲಿನಷ್ಟು. ನಾನೂರು ವರ್ಷದ ಮನೆ. ಮಣ್ಣಿಗೆ ಹುಲ್ಲು ಬೆರೆಸಿ ತುಳಿದು ಎಬ್ಬಿಸಿದ ಮೂರಡಿ ದಪ್ಪದ ಗೋಡೆಗಳು, ಮೇಲೆ ಹುಲ್ಲಿನ ಸೂರು. ಸರ್ಕಾರದ ಪಟ್ಟಿಯಲ್ಲಿ ಹೆಸರಿರುವ ರಕ್ಷಿತ ಕಟ್ಟಡ. ಒಂದು ಮೊಳೆ ಹೊಡೆಯಬೇಕಾದರೂ ಕೌನ್ಸಿಲ್ಲನ್ನು ಕೇಳಬೇಕಲ್ಲ ಎಂದು ಊರವರು ತಮಾಷೆ ಮಾಡುತ್ತಿದ್ದರು. ಲಿನೆಟ್ ಪಾಲಿಗೆ ಆ ತಮಾಷೆ ಹಳಸಿ ಎಷ್ಟೋ ವರ್ಷವಾಗಿತ್ತು.

"ಓದ್ತೀನಿ, ಕೇಳು," ಎಂದಳು ಗಂಡನಿಗೆ. "'ಅಂಗಳದ ಕಡೆಯ ಗೋಡೆಯಲ್ಲಿ ಯಾವ ಕಾಲದಲ್ಲೂ ಕಿಟಕಿ ಇದ್ದಂತೆ ಕಾಣುವುದಿಲ್ಲ. ಬೋಳಾಗಿರುವುದೇ ಆ ಗೋಡೆಯ ವಿಶೇಷ ಗುಣ. ಹೊಸದಾಗಿ ಕಿಟಕಿ ಒಡೆದರೆ ಆ ಗುಣಕ್ಕೆ ಧಕ್ಕೆ ಬರುತ್ತದೆ.' ಕೇಳಿಸ್ತಾ ಡೆನ್ಜಿಲ್? ಗೋಡೆಗೆ ಗುಣ ಇದೆಯಂತೆ! ಈ ಮನೇಲಿ ಯಾರಿಗೂ ಇಲ್ದಿರೋದು ಗೋಡೆಗಿದೆ!"

ಡೆನ್ಜಿಲ್ ತಟ್ಟೆಯಿಂದ ತಲೆ ಎತ್ತಲಿಲ್ಲ. "ಮೊಟ್ಟೆ ಸೀಯ್ತಾ ಇದೆ," ಎಂದ.

"ಸೀಯ್ಲಿ. ಕತ್ತಲಲ್ಲಿ ಯಾರಿಗೆ ಕಾಣತ್ತೆ?"

ಆಗಲೇ ಅತ್ತೆ ಯುನಿಸ್ ಒಳಗೆ ಬಂದಳು. ಎಪ್ಪತ್ಮೂರು ವರ್ಷ, ಕಡ್ಡಿಯಂಥ ಮೈ, ಕೈಯಲ್ಲಿ ಹಾಲಿನ ಜಗ್ಗು. ಬಾಗಿಲು ದಾಟುವಾಗ, ದಿನವೂ ಮಾಡುವ ಹಾಗೆ, ಅವಳ ಕೈ ತಾನಾಗಿಯೇ ಸ್ವಿಚ್ಚಿಗೆ ಹೋಯಿತು. ಟ್ಯೂಬ್‌ಲೈಟ್ ಆರಿತು. ಅಡಿಗೆಮನೆ ನೆಲಮಾಳಿಗೆಯಾಯಿತು.

"ಹಗಲು ಹೊತ್ತಲ್ಲಿ ಲೈಟ್ ಯಾಕೆ?" ಎಂದಳು ಯುನಿಸ್.

ಲಿನೆಟ್ ಹಲ್ಲು ಕಚ್ಚಿಕೊಂಡು ಹೋಗಿ ಸ್ವಿಚ್ಚು ಒತ್ತಿದಳು. ಇಪ್ಪತ್ತೇಳು ವರ್ಷದಿಂದ ನಡೆದಿದ್ದ ಆಟ ಇದು. ಅತ್ತೆ ಆರಿಸುವುದು, ಸೊಸೆ ಹಾಕುವುದು. ಆಮೇಲೆ ಅತ್ತೆ ಹೋಗಿ ಅಂಗಳದ ಕಡೆಯ ಆ ಗೋಡೆಗೆ ಒರಗಿ ನಿಂತ ದೊಡ್ಡ ಕಬ್ಬಿಣದ ಒಲೆಯ ಪಕ್ಕ ತನ್ನ ಕುರ್ಚಿಯಲ್ಲಿ ಕೂರುವುದು. ಕೆನೆ ಬಣ್ಣದ ಎನಾಮಲ್ಲಿನ ಆ ಒಲೆ ಹಗಲೂ ರಾತ್ರಿ ಬೆಚ್ಚಗಿರುತ್ತಿತ್ತು. ಮನೆಯ ಬಿಸಿನೀರೆಲ್ಲ ಅದರಿಂದಲೇ.

"ಮದುವೆಯಾಗಿ ಬಂದ ವಾರದಲ್ಲೇ ಏನು ಹೇಳಿದ್ದೆ ನೀನು?" ಲಿನೆಟ್ ಗಂಡನ ಮುಂದೆ ಮೊಟ್ಟೆಯ ತಟ್ಟೆ ಕುಕ್ಕಿದಳು. "'ಮುಂದಿನ ವರ್ಷ ಒಂದು ಕಿಟಕಿ ಒಡೆಸೋಣ' ಅಂದಿದ್ದೆ. ಇಪ್ಪತ್ತೇಳು ಮುಂದಿನ ವರ್ಷ ಆಯ್ತು. ಗೋಡೆಗೆ ಮುಖ ಮಾಡ್ಕೊಂಡು ಪಾತ್ರೆ ತೊಳೆದು ತೊಳೆದು ನನ್ನ ಮುಖವೇ ಗೋಡೆ ಆಗ್ಹೋಗಿದೆ. ಪಾದ್ರಿಗಳು ಊಟಕ್ಕೆ ಬಂದಾಗ ಕೋಸಿನಲ್ಲಿ ಹುಳ ಬಡಿಸಿದ್ದು ಯಾರು? ನಾನು. ಯಾಕೆ? ಕಾಣ್ಲಿಲ್ಲ!"

"ನಾನೇನು ಮಾಡ್ಲಿ? ಕೌನ್ಸಿಲ್‌ನವರು ಬೇಡ ಅಂದ್ರು."

"ಅಯ್ಯೋ, ಎಷ್ಟು ಸಮಾಧಾನ ನಿಂಗೆ! ಹಾಗಾದ್ರೆ ಕೇಳು. ಮೈಕೆಲ್‌ಮಸ್ ಹಬ್ಬದವರೆಗೆ ನೋಡ್ತೀನಿ. ಸೆಪ್ಟೆಂಬರ್ ಕೊನೆ. ಅಷ್ಟರಲ್ಲಿ ಈ ಗೋಡೇಲಿ ಕಿಟಕಿ ಬರತ್ತೆ ಅನ್ನೋದು ಖಾತ್ರಿ ಆಗ್ಲಿಲ್ಲ ಅಂದ್ರೆ ನಾನು ಷೀನಾ ಮನೆಗೆ ಹೋಗ್ತೀನಿ. ತಮಾಷೆ ಅಲ್ಲ."

ಷೀನಾ ಲಿನೆಟ್‌ಳ ಅಕ್ಕ, ವಿಧವೆ. ಪೇಟೆಯಲ್ಲಿ ಬಂಗಲೆಮನೆ, ಗೋಡೆಗಿಂತ ಗಾಜೇ ಹೆಚ್ಚು. ಡೆನ್ಜಿಲ್ ನಕ್ಕುಬಿಡೋಣವೆಂದು ಹೆಂಡತಿಯ ಮುಖ ನೋಡಿದ. ನಗು ಬರಲಿಲ್ಲ. ಯುನಿಸ್ ಒಲೆಯ ಪಕ್ಕ ಹೆಣಿಗೆ ಕಡ್ಡಿ ತೆಗೆದು ಕುಣಿಕೆ ಎಣಿಸತೊಡಗಿದಳು, ಯಾವತ್ತಿಗಿಂತ ಸ್ವಲ್ಪ ಗಟ್ಟಿಯಾಗಿ.

*

ಮಗಳು ಟ್ಯಾಮ್ಸಿನ್‌ಗೆ ಇಪ್ಪತ್ನಾಲ್ಕು. ಪೇಟೆಯ ಪಶುವೈದ್ಯರ ಹತ್ತಿರ ಕೆಲಸ. ಕಂಪ್ಯೂಟರ್ ಮುಂದೆ ಕೂತು ತಾಯಿಯ ಪರವಾಗಿ ಕೌನ್ಸಿಲ್ಲಿಗೆ ಕಾಗದ ಬರೆದವಳು ಅವಳೇ. ಹತ್ತು ಕಾಗದಕ್ಕೆ ಒಂದು ಉತ್ತರ ಬಂತು: ಅಧಿಕಾರಿಯೇ ಬಂದು ನೋಡುತ್ತಾರೆ.

ಜೂನ್ ಎರಡನೇ ವಾರ, ಕುರಿಗಳ ಉಣ್ಣೆ ಕತ್ತರಿಸುವ ದಿನವೇ ಬಂದಳು ಆ ಅಧಿಕಾರಿ. ಹೆಸರು ಫಿಲಿಪಾ ಕ್ರೂ. ಮೂವತ್ತರ ಒಳಗಿನ ಹುಡುಗಿ, ಕಾಲಲ್ಲಿ ಕೊಳೆಯೇ ಕಾಣದ ರಬ್ಬರ್ ಬೂಟು. ಅಂಗಳದಲ್ಲಿ ನಿಂತು ಗೋಡೆಯನ್ನು ಕುದುರೆಯ ಕುತ್ತಿಗೆ ಸವರುವ ಹಾಗೆ ಸವರಿದಳು.

"ಎಷ್ಟು ಗಂಭೀರವಾಗಿದೆ ನೋಡಿ," ಎಂದಳು. "ಸಿಮೆಂಟ್ ಗಾರೆ ಮೆತ್ತಿದ್ದಾರೆ, ಅದೊಂದು ದುಃಖ. ಮಣ್ಣಿನ ಗೋಡೆ ಉಸಿರಾಡಬೇಕು. ಯಾರು ಮೆತ್ತಿಸಿದ್ದು?"

"ನಮ್ಮಪ್ಪ," ಎಂದ ಡೆನ್ಜಿಲ್, ತನ್ನ ಬೂಟು ನೋಡಿಕೊಂಡು. "ಬಹಳ ಹಿಂದೆ."

"ಗೋಡೆ ಉಸಿರಾಡ್ಲಿ, ಬೇಡ ಅನ್ನಲ್ಲ," ಎಂದಳು ಲಿನೆಟ್. "ಒಳಗಿರೋ ನಾನೂ ಉಸಿರಾಡ್ಬೇಕಲ್ಲ? ಒಳಗೆ ಬನ್ನಿ. ಈ ಬಿಸಿಲಿನಿಂದ ಒಳಗೆ ಬಂದು ನೋಡಿ."

ಒಳಗೆ ಬಂದ ಫಿಲಿಪಾ ಮೆಟ್ಟಿಲು ಕಾಣದೆ ಮುಗ್ಗರಿಸಿದಳು. ಯುನಿಸ್ ಸ್ವಿಚ್ಚು ಆರಿಸಿಟ್ಟಿದ್ದಳು.

ಚಹಾ, ಸ್ಕೋನು ಎಂಬ ಬಿಸಿ ಬನ್ನು, ಕೆನೆ, ಜಾಮು ಮೇಜಿಗೆ ಬಂದವು. ಹುಡುಗಿ ಕೆಟ್ಟವಳೇನಲ್ಲ. ಸೀಲಿಂಗಿನ ತೊಲೆ ನೋಡಿ, ಹಜಾರಕ್ಕೂ ಅಡಿಗೆಮನೆಗೂ ನಡುವಿನ ಓಕ್ ಹಲಗೆಯ ಗೋಡೆ ನೋಡಿ ಕಣ್ಣರಳಿಸಿದಳು. ಆಮೇಲೆ ಪೆನ್ನು ಕೆಳಗಿಟ್ಟು ಲಿನೆಟ್‌ಳನ್ನೇ ನೋಡಿ ಹೇಳಿದಳು:

"ನಿಮ್ಮ ಕಷ್ಟ ನನಗೆ ಅರ್ಥ ಆಗತ್ತೆ. ಹೊಸ ಕಿಟಕಿಗೆ ನಾನು ಒಪ್ಪಿಗೆ ಕೊಡೋ ಹಾಗಿಲ್ಲ. ಆದರೆ ಹಿಂದೆ ಇಲ್ಲೊಂದು ಕಿಟಕಿ ಇತ್ತು, ಮುಚ್ಚಿದ್ದಾರೆ ಅಂತ ಒಂದು ಸಾಕ್ಷಿ ಸಿಕ್ಕರೆ ಮಾತೇ ಬೇರೆ. ಮನೆಯನ್ನ ಪಟ್ಟಿಗೆ ಸೇರಿಸಿದಾಗ ಬರೆದದ್ದು ಎರಡೇ ಸಾಲು. ಬರೆದವರು ರಸ್ತೆ ಕಡೆಯಿಂದ ನೋಡಿ ಹೋಗಿದಾರೆ, ಅಂಗಳಕ್ಕೆ ಬಂದೇ ಇಲ್ಲ. ಹಳೇ ಚಿತ್ರ, ಫೋಟೋ, ಯಾರದಾದ್ರೂ ನೆನಪು?" ಅವಳು ಒಲೆಯ ಕಡೆ ತಿರುಗಿದಳು. "ನಿಮಗೆ ಏನಾದರೂ ನೆನಪಿದೆಯಾ, ಮೇಡಂ?"

ಯುನಿಸ್ ಹೆಣಿಗೆಯಿಂದ ಕಣ್ಣೆತ್ತಲಿಲ್ಲ. "ಗೋಡೆ ಅಂದ್ರೆ ಗೋಡೆ," ಎಂದಳು. "ಅದರಲ್ಲಿ ನೆನಪಿಟ್ಕೊಳ್ಳೋದೇನಿದೆ?"

ಫಿಲಿಪಾಳ ಕಾರು ತಿರುವು ದಾಟುವುದನ್ನೇ ಕಾದಿದ್ದು ಯುನಿಸ್ ಬಾಯಿಬಿಟ್ಟಳು. "ನೋಡಿದ್ಯಾ? ಸ್ಕೋನಿಗೆ ಮೊದಲು ಜಾಮು ಹಚ್ಚಿ ಅದರ ಮೇಲೆ ಕೆನೆ ಹಾಕ್ಕೊಂಡ್ಳು! ಪಕ್ಕದ ಕಾರ್ನ್‌ವಾಲ್‌ನವರ ಹಾಗೆ! ನಮ್ಮ ಡೆವನ್ನಲ್ಲಿ ಕೆನೇನೇ ಮೊದಲು! ಇಂಥವಳು ನಮ್ಮ ಮನೆ ವಿಷಯ ತೀರ್ಮಾನ ಮಾಡ್ತಾಳೆ."

"ಅಜ್ಜೀ, ಅವರು ಒಳ್ಳೇ ಮಾತೇ ಆಡಿದ್ರು," ಎಂದಳು ಟ್ಯಾಮ್ಸಿನ್. "ಸಾಕ್ಷಿ ಇದ್ರೆ ಕೊಡ್ತೀನಿ ಅಂದ್ರು. ಅಟ್ಟದಲ್ಲಿ ಹಳೇ ಫೋಟೋ ಹುಡುಕೋಣ್ವಾ ಅಪ್ಪಾ?"

"ಹುಡುಕು," ಎಂದ ಡೆನ್ಜಿಲ್. "ಇಲಿ ಹಿಕ್ಕೆ ಸಿಗತ್ತೆ." ಟೋಪಿ ಹಾಕಿಕೊಂಡು ಕುರಿಗಳ ಕಡೆ ಹೊರಟುಹೋದ.

ಟ್ಯಾಮ್ಸಿನ್ ಎರಡು ಭಾನುವಾರ ಅಟ್ಟ ಜಾಲಾಡಿದಳು. ಹುರಿದ ಕುರಿಮಾಂಸ ಆರಿ ತಣ್ಣಗಾದರೂ ಇಳಿದು ಬರಲಿಲ್ಲ. ಸಿಕ್ಕಿದ್ದು ಎತ್ತುಗಳ ಫೋಟೋ, ಬಹುಮಾನ ಗೆದ್ದ ಟಗರಿನ ಫೋಟೋ, ಟಗರಿನ ಕೊಂಬು ಹಿಡಿದು ನಿಂತ ಅಜ್ಜ ಕ್ಲೆಮ್‌ನ ಫೋಟೋ. ಅಂಗಳದ ಗೋಡೆ ಒಂದರಲ್ಲೂ ಇರಲಿಲ್ಲ.

*

ಜುಲೈ ತಿಂಗಳಲ್ಲಿ ಪ್ರತಿವರ್ಷ ಒಂದು ದಿನ ಡೆನ್ಜಿಲ್ ಒಲೆ ಆರಿಸಿ, ಅದರ ಹೊಗೆಕೊಳವೆ ಬಿಚ್ಚಿ ಮಸಿ ತೆಗೆಯುತ್ತಿದ್ದ. ಆ ಕೆಲಸಕ್ಕೆ ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಕೊಳೆ ಕೆಲಸ, ನಿನಗ್ಯಾಕೆ ಎನ್ನುತ್ತಿದ್ದ. ಮನೆಯಲ್ಲಿ ತನ್ನ ಊಟದ ತಟ್ಟೆಯನ್ನೂ ಎತ್ತದ ಗಂಡ ಅದೊಂದು ಕೆಲಸ ಕೇಳದೆ ಮಾಡುತ್ತಾನಲ್ಲ ಎಂದು ಲಿನೆಟ್‌ಗೆ ಒಳಗೊಳಗೇ ಸಂತೋಷವೂ ಇತ್ತು. ಈ ವರ್ಷ ಹುಲ್ಲು ಕೊಯ್ದು ಹಾಕಿದ ಮೇಲೆ ಮೋಡ ಕಟ್ಟಿತು. ಡೆನ್ಜಿಲ್ ಮೂರು ದಿನ ಟ್ರ್ಯಾಕ್ಟರಿನಿಂದ ಇಳಿಯಲಿಲ್ಲ. ಮೂರನೇ ದಿನ ಕೊಳವೆಯಿಂದ ಒಂದು ಹಿಡಿ ಮಸಿ ಉದುರಿ ನೇರ ಸಾರಿನ ಪಾತ್ರೆಗೆ ಬಿತ್ತು.

"ಸಾಕು," ಎಂದಳು ಲಿನೆಟ್. "ಟ್ಯಾಮ್ಸಿನ್, ಬಾ. ನಾವೇ ಬಿಚ್ಚೋಣ."

ಅತ್ತೆ ಕೋಳಿಗಳಿಗೆ ಕಾಳು ಹಾಕಲು ಹೋಗಿದ್ದಳು. ತಾಯಿ ಮಗಳು ಸೇರಿ ಒಲೆ ಆರಿಸಿ ಅದರ ಹಿಂದಿನ ತಗಡು ಎಳೆದರು. ಗೋಡೆ ಒದ್ದೆಯಾಗಿ ಉಬ್ಬಿತ್ತು. ತಗಡಿನ ಜೊತೆಗೆ ಗಾರೆಯ ಒಂದು ದೊಡ್ಡ ಚಕ್ಕೆ ಕಳಚಿ ನೆಲಕ್ಕೆ ಬಿದ್ದು ಪುಡಿಯಾಯಿತು. ಲಿನೆಟ್ ಟಾರ್ಚ್ ಹಿಡಿದು ಬಗ್ಗಿದಳು. ಮಣ್ಣಿನ ಗೋಡೆ ಹೇಗಿರುತ್ತದೆಂದು ಅವಳಿಗೆ ಗೊತ್ತು. ಕೆಂಪಗೆ, ನಡುವೆ ಹುಲ್ಲಿನ ಎಳೆ. ಇಲ್ಲಿ ಬೂದು ಬಣ್ಣದ ಸಿಮೆಂಟ್ ಬ್ಲಾಕುಗಳು, ಒಂದರ ಮೇಲೊಂದು, ಸಾಲಾಗಿ. ಅವುಗಳ ಮೇಲೆ ಕರೀ ಓಕ್ ತೊಲೆಯ ತುದಿ.

"ಅಮ್ಮಾ, ನಾನೂರು ವರ್ಷದ ಹಿಂದೆ ಸಿಮೆಂಟ್ ಬ್ಲಾಕ್ ಇತ್ತಾ?" ಎಂದಳು ಟ್ಯಾಮ್ಸಿನ್.

ಲಿನೆಟ್ ಬ್ಲಾಕುಗಳ ಅಂಚಿನುದ್ದಕ್ಕೂ ಕೈಯಾಡಿಸಿದಳು. ತೊಲೆಯ ಕೆಳಗೆ ಅಗಲ ಐದಡಿಯಾದರೂ ಇತ್ತು. ಒಳ್ಳೇ ದೊಡ್ಡ ಕಿಟಕಿ. ಅವಳಿಗೆ ಮೊದಲು ಬಂದದ್ದು ಖುಷಿ. ಸಾಕ್ಷಿ ಸಿಕ್ಕಿತು! ಆ ಖುಷಿ ನೆಟ್ಟಗೆ ಒಂದು ನಿಮಿಷವೂ ಇರಲಿಲ್ಲ. ಪ್ರತಿವರ್ಷ ಕೇಳದೆ ಕೊಳವೆ ಬಿಚ್ಚುತ್ತಿದ್ದ ಗಂಡ ನೆನಪಾದ. ಅವಳು ಟಾರ್ಚ್ ಆರಿಸಿ ಎದ್ದು ನಿಂತಳು.

ಸಂಜೆ ಊಟಕ್ಕೆ ತಣ್ಣನೆಯ ಹ್ಯಾಮು, ಹುಳಿಯಲ್ಲಿ ನೆನೆಸಿಟ್ಟ ಬೀಟ್‌ರೂಟು, ಬ್ರೆಡ್ಡು. ಒಲೆ ಆರಿಯೇ ಇತ್ತು. ಡೆನ್ಜಿಲ್ ಬಂದು ಕೂತವನು ಬಿಚ್ಚಿಟ್ಟ ತಗಡು ನೋಡಿದ. ಕೈಯಲ್ಲಿದ್ದ ಬ್ರೆಡ್ಡು ಅಲ್ಲೇ ನಿಂತಿತು.

"ನಿಂಗೆ ಗೊತ್ತಿತ್ತು," ಎಂದಳು ಲಿನೆಟ್.

"ಲಿನೆಟ್, ಸ್ವಲ್ಪ ಕೇಳು..."

"ಗೊತ್ತಿತ್ತೋ ಇಲ್ವೋ? ಒಂದೇ ಮಾತು."

"ಗೊತ್ತಿತ್ತು. ಅಪ್ಪ ಹೇಳಿದ್ರು. ಮನೆ ಪಟ್ಟಿಗೆ ಸೇರಿದ ಮೇಲೆ, ನಾನು ತೊಟ್ಟಿಲಲ್ಲಿದ್ದಾಗ ಮುಚ್ಚಿದ್ದು ಅದು. ಯಾರನ್ನೂ ಕೇಳ್ದೆ. ಅದು ಅಪರಾಧ, ಲಿನೆಟ್. ಎಷ್ಟು ವರ್ಷ ಕಳೆದ್ರೂ ಅಪರಾಧವೇ. ಆ ಕಣಿವೆ ಆಚೆ ನಾರ್ತ್‌ಕಾಟ್ ಪ್ಲಾಸ್ಟಿಕ್ ಕಿಟಕಿ ಹಾಕಿಸಿ ಕೋರ್ಟಿಗೆ ಅಲೆದಿದ್ದು ನೆನಪಿಲ್ವಾ? ಪೇಪರ್‌ನಲ್ಲಿ ಹೆಸರು ಬಂತು. ಚರ್ಚಿಗೆ ಬರೋದೇ ಬಿಟ್ಟ ಮನುಷ್ಯ. 'ಆ ಗೋಡೆ ಮುಟ್ಟೋಕೆ ಯಾರನ್ನೂ ಬಿಡಬೇಡ' ಅಂತ ಅಪ್ಪ ಸಾಯೋಕೆ ಮುಂಚೆ ಕೈ ಹಿಡಿದು ಹೇಳಿದ್ರು."

"ನಾನು ಎರಡು ವರ್ಷದಿಂದ ಅರ್ಜಿ ಬರೀತಾ ಇದ್ದೆ. ನೀನು ಸಹಿ ಹಾಕ್ತಾ ಇದ್ದೆ."

"ಹೇಗೂ ಕೊಡಲ್ಲ ಅಂತ ಗೊತ್ತಿತ್ತಲ್ಲ..."

ಈ ಮಾತು ಬಾಯಿಂದ ಹೊರಬಿದ್ದ ಮೇಲೆ ಡೆನ್ಜಿಲ್‌ಗೇ ಅದರ ವಾಸನೆ ಬಡಿಯಿತು. ಟ್ಯಾಮ್ಸಿನ್ "ಅಪ್ಪಾ!" ಎಂದಳು.

ಲಿನೆಟ್ ಅತ್ತೆಯ ಕಡೆ ತಿರುಗಿದಳು. "ನೀವು, ಅತ್ತೆ? ಆ ಹುಡುಗಿ ನಿಮ್ಮ ಮುಖ ನೋಡಿ ಕೇಳಿದ್ಳು. ಇಪ್ಪತ್ತೇಳು ವರ್ಷ ದಿನಾ ನನ್ನ ಲೈಟ್ ಆರಿಸಿದ್ರಿ. 'ಹಗಲು ಹೊತ್ತಲ್ಲಿ ಲೈಟ್ ಯಾಕೆ' ಅಂತ ಬೇರೆ ಕೇಳ್ತಿದ್ರಿ. ಆ ಹಗಲನ್ನ ಮುಚ್ಚಿಟ್ಟವರೇ ನೀವು!"

ಯುನಿಸ್ ಆರಿದ ಒಲೆಯ ಪಕ್ಕ ಶಾಲು ಹೊದ್ದು ಕೂತಿದ್ದಳು. "ಒಲೆಗೆ ಒಂದು ಗೋಡೆ ಬೇಕಿತ್ತು," ಎಂದಳು. ಅಷ್ಟೇ.

ಲಿನೆಟ್ ಎದ್ದು ತಟ್ಟೆಗಳನ್ನು ಒಟ್ಟು ಮಾಡಿದಳು. ತಣ್ಣೀರಲ್ಲೇ ತೊಳೆದಳು, ಗೋಡೆಗೆ ಮುಖ ಮಾಡಿ, ಒಂದೊಂದಾಗಿ. ಒರೆಸಿ ಬೀರುವಿನಲ್ಲಿ ಜೋಡಿಸಿದಳು. ಆಮೇಲೆ ಮಹಡಿಗೆ ಹೋಗಿ ಚೀಲ ತುಂಬಿಕೊಂಡು ಬಂದಳು. "ಮೈಕೆಲ್‌ಮಸ್‌ವರೆಗೂ ಕಾಯೋ ಅಗತ್ಯ ಕಾಣಲ್ಲ," ಎಂದಳು ಗಂಡನಿಗೆ. ಸಂಜೆಯ ಬೆಳಕಿನ್ನೂ ಗುಡ್ಡದ ಮೇಲಿತ್ತು. ಕಾರಿನ ದೀಪ ಹಾಕದೆಯೇ ಹೋದಳು.

*

ಷೀನಾಳ ಮನೆಯಲ್ಲಿ ಬೆಳಕಿಗೆ ಬರವಿರಲಿಲ್ಲ. ಪಾತ್ರೆ ತೊಳೆಯುವ ಕಡೆ ಎದುರಿಗೇ ಆರಡಿ ಗಾಜು. ಆ ಗಾಜಿನಾಚೆ ಪಕ್ಕದ ಮನೆಯವರ ಬಿಳೀ ಕ್ಯಾರವಾನು ಗಾಡಿ, ಮೂರು ಬಣ್ಣದ ಮೂರು ಕಸದ ಡಬ್ಬಿ. ಲಿನೆಟ್ ಮೊದಲ ವಾರ ಅದನ್ನೇ ಮನಸಾರೆ ನೋಡಿದಳು. ಆಲೂಗಡ್ಡೆಯ ಕಣ್ಣುಗಳನ್ನು ಒಂದನ್ನೂ ಬಿಡದೆ ತೆಗೆದಳು. ಎರಡನೇ ವಾರ ಯಾವ ವಾರ ಯಾವ ಡಬ್ಬಿ ಹೊರಗೆ ಹೋಗುತ್ತದೆಂದು ಬಾಯಿಪಾಠವಾಯಿತು. ಮೂರನೇ ವಾರ ಅವಳಿಗೆ ಸುಮ್ಮಸುಮ್ಮನೆ ಅಳು ಬರುತ್ತಿತ್ತು, ಅದಕ್ಕೂ ಸಿಟ್ಟು ಬರುತ್ತಿತ್ತು.

ಡೆನ್ಜಿಲ್ ಒಂದು ಸಲ ಬಂದ. ಷೀನಾಳ ಕೆನೆ ಬಣ್ಣದ ಜಮಖಾನೆಯ ಅಂಚಿನಲ್ಲಿ ಕಾಲುಚೀಲದಲ್ಲಿ ನಿಂತ. ಹತ್ತು ನಿಮಿಷ ಉಗುಳು ನುಂಗಿ ಕೊನೆಗೆ, "ಕೋಳಿ ಮೊಟ್ಟೆ ಸರಿಯಾಗಿ ಇಡ್ತಾ ಇಲ್ಲ," ಎಂದ.

"ಹಾಗಾದ್ರೆ ಕೋಳಿ ಹತ್ರ ಮಾತಾಡು," ಎಂದಳು ಲಿನೆಟ್.

ಅವನು ಹೋದ ಮೇಲೆ ಷೀನಾ, "ಪಾಪ ಕಣೆ," ಎಂದಳು.

"ಪಾಪ ಅಂತೆ! ಕಿಟಕಿ ಮುಚ್ಚಿದ್ದಕ್ಕೆ ಸಿಟ್ಟಿಲ್ಲ ನಂಗೆ. ಅವನಾಗ ತೊಟ್ಟಿಲಲ್ಲಿದ್ದ. ನಾನು ಬೆಪ್ಪುತಕ್ಕಡಿ ಹಾಗೆ ಅರ್ಜಿ ತುಂಬ್ತಾ ಕೂತಿದ್ದೆನಲ್ಲ, ಅದನ್ನ ನೋಡ್ಕೊಂಡು ಸುಮ್ನೆ ಚಹಾ ಕುಡೀತಾ ಕೂತಿದ್ದನಲ್ಲ!"

ಟ್ಯಾಮ್ಸಿನ್ ಮಾತ್ರ ಕೆಲಸ ಮುಗಿಸಿ ದಿನ ಬಿಟ್ಟು ದಿನ ಬರುತ್ತಿದ್ದಳು, ಮನೆಯ ಸುದ್ದಿ ತರುತ್ತಿದ್ದಳು. ಅಪ್ಪ ಸುಟ್ಟ ಬ್ರೆಡ್ಡಿನ ಮೇಲೆ ಬೀನ್ಸ್ ಸುರಿದುಕೊಂಡು ತಿನ್ನುತ್ತಾನೆ. ಅಜ್ಜಿಗೂ ಅಪ್ಪನಿಗೂ ಮಾತಿಲ್ಲ. ಒಲೆ ಹಿಂದಿನ ಗೋಡೆ ಹಾಗೇ ಬಾಯಿ ಬಿಟ್ಟುಕೊಂಡಿದೆ.

"ಇನ್ನೊಂದು, ಅಮ್ಮ. ಅಜ್ಜಿ ಲೈಟ್ ಆರಿಸ್ತಾ ಇಲ್ಲ. ಬೆಳಗ್ಗೆ ಎದ್ದು ತಾನೇ ಹಾಕ್ತಾಳೆ. ದಿನವಿಡೀ ಉರೀತಾ ಇರತ್ತೆ. ಅದರ ಕೆಳಗೆ ಸುಮ್ನೆ ಕೂತಿರ್ತಾಳೆ, ಹೆಣಿಗೆ ಕೂಡ ಇಲ್ದೆ."

ಲಿನೆಟ್ ಸಿಂಕಿನ ಮುಂದೆ ನಿಂತಿದ್ದಳು. ನಲ್ಲಿ ತಿರುಗಿಸಿದಳು.

ಆಗಸ್ಟ್ ಮಧ್ಯದ ಒಂದು ಗುರುವಾರ ಟ್ಯಾಮ್ಸಿನ್‌ಳ ಕಾರಿನಿಂದ ಯುನಿಸ್ ಇಳಿದಳು. ಸಾವಿನ ಮನೆಗೆ ಹಾಕುವ ನೀಲಿ ಕೋಟು, ತಲೆಗೆ ಹ್ಯಾಟು, ಬಗಲಲ್ಲಿ ದಿಂಬಿನ ಚೀಲದಲ್ಲಿ ಸುತ್ತಿದ ಒಂದು ಚೌಕಟ್ಟು. ಷೀನಾ ಸೋಫಾ ತೋರಿಸಿದರೂ ಕೂರಲಿಲ್ಲ. ಅಡಿಗೆಮನೆಯ ಮರದ ಕುರ್ಚಿಯನ್ನೇ ಎಳೆದುಕೊಂಡಳು.

"ಬಾ ಅಂತ ಕರೆಯೋಕೆ ಬಂದಿಲ್ಲ," ಎಂದಳು ಸೊಸೆಗೆ. "ನೀನು ಬರೋದೂ ಬಿಡೋದೂ ನಿನ್ನಿಷ್ಟ. ಒಂದು ವಿಷಯ ಹೇಳೋಕೆ ಬಂದೆ. ಈಗ ಕೌನ್ಸಿಲ್ಲಿಂದ ಬರ್ತಾ ಇದ್ದೀವಿ."

"ಯಾಕೆ?"

"ಆ ಜಾಮು ಹಚ್ಚೋ ಹುಡುಗಿಯನ್ನ ನೋಡೋಕೆ. ಎಲ್ಲಾ ಹೇಳಿದೆ. ಸಾವಿರದ ಒಂಬೈನೂರ ಎಪ್ಪತ್ತೊಂದು, ಅಕ್ಟೋಬರ್, ಆಲೂಗಡ್ಡೆ ಕಿತ್ತ ವಾರ. ಬ್ಲಾಕು ಜೋಡಿಸಿದ್ದು ಕ್ಲೆಮ್, ಸಿಮೆಂಟ್ ಕಲಸಿದ್ದು ನಾನು. ನನ್ನ ಹೆಸರಲ್ಲಿ ಬರ್ಕೋ ಅಂದೆ. ಬರ್ಕೊಂಡ್ಳು. ಸಹಿ ಹಾಕಿದೆ."

"ಅಜ್ಜಿ ಹ್ಯಾಟು ಕೂಡ ತೆಗೀಲಿಲ್ಲ," ಎಂದಳು ಟ್ಯಾಮ್ಸಿನ್.

"ಇದನ್ನೂ ತೋರಿಸಿದೆ," ಎಂದು ಯುನಿಸ್ ದಿಂಬಿನ ಚೀಲ ಬಿಚ್ಚಿದಳು. ಅವಳ ಮದುವೆಯ ಫೋಟೋ. ಲಿನೆಟ್‌ಗೆ ಅದರ ಮೂಲೆಮೂಲೆಯೂ ಗೊತ್ತು. ಅತ್ತೆಯ ಮಂಚದ ಮೇಲೆ ತೂಗುತ್ತಿತ್ತು, ಶನಿವಾರ ಶನಿವಾರ ಧೂಳು ಒರೆಸಿದವಳು ಅವಳೇ. ಅಂಗಳದಲ್ಲಿ ನಿಂತ ಕ್ಲೆಮ್, ಪಕ್ಕದಲ್ಲಿ ಬಿಳೀ ಉಡುಪಿನ ಯುನಿಸ್, ಸುತ್ತ ಅಗಲವಾದ ರಟ್ಟಿನ ಅಂಚು. ಈಗ ಆ ರಟ್ಟು ಇರಲಿಲ್ಲ. ರಟ್ಟಿನ ಹಿಂದೆ ಮಡಚಿಟ್ಟಿದ್ದ ಫೋಟೋದ ಅರ್ಧ ಭಾಗ ಬಿಡಿಸಿಕೊಂಡಿತ್ತು. ಮದುಮಗಳ ಎಡಕ್ಕೆ ಮೂರು ಭಾಗದ ಕಿಟಕಿ, ಓಕ್ ಕಂಬಿಗಳು, ಪುಟ್ಟ ಪುಟ್ಟ ಗಾಜು, ಕಿಟಕಿಕಟ್ಟೆಯ ಮೇಲೆ ಹೂಕುಂಡ.

ಲಿನೆಟ್ ಬಹಳ ಹೊತ್ತು ನೋಡಿದಳು. "ಇದನ್ನ ನಾನು ಒರೆಸ್ತಿದ್ದೆ," ಎಂದಳು. "ಎಷ್ಟು ಸಲ ಒರೆಸಿರ್ಬಹುದು."

"ಹೂಂ. ನೀನು ಒರೆಸುವಾಗೆಲ್ಲ ನನ್ನ ಎದೆ ಹೊಡ್ಕೊಳ್ತಿತ್ತು. ಹಳೇ ಮನೆಗಳ ತಪಾಸಣೆಗೆ ಕಾನೂನಿನವರು ಹಳ್ಳಿ ಹಳ್ಳಿಗೆ ಬರೋಕೆ ಶುರು ಮಾಡಿದಾಗ ಮಡಚಿದ್ದು. ಬಿಸಾಡೋಕೆ ಮನಸ್ಸಾಗ್ಲಿಲ್ಲ."

"ಯಾಕೆ ಮುಚ್ಚಿದ್ರಿ? ಇಂಥಾ ಕಿಟಕೀನ?"

"ನೀನು ಬಂದಾಗ ನಲ್ಲಿ ತಿರುಗಿಸಿದ್ರೆ ಬಿಸಿನೀರು ಬರ್ತಿತ್ತು, ಅಲ್ವಾ? ನಾನು ಬಂದಾಗ ಇರ್ಲಿಲ್ಲ. ಮಗು ಬಟ್ಟೆ ತೊಳೆಯೋಕೆ ಅಂಗಳದ ಪಂಪಿನಿಂದ ನೀರು ಹೊತ್ತು, ಗೋಡೆಯೊಳಗಿನ ಆ ದೊಡ್ಡ ಒಲೆಗುಂಡಿಯ ಸೌದೆ ಬೆಂಕೀಲಿ ಕಾಯಿಸ್ಬೇಕು. ಮನೆ ತುಂಬ ಹೊಗೆ. ಡೆನ್ಜಿಲ್‌ಗೆ ಕೆಮ್ಮು. ಆ ಒಲೆ ಕೂರಿಸೋಕೆ ಬಂದವನು ಅದೊಂದೇ ಗೋಡೆ ಆಗತ್ತೆ ಅಂದ. ಕಿಟಕಿ ಬೇಕೋ ಬಿಸಿನೀರು ಬೇಕೋ ಅಂತ ಕ್ಲೆಮ್ ಕೇಳಿದ. ನಾನು ಬಿಸಿನೀರು ಅಂದೆ." ಯುನಿಸ್ ಗದ್ದ ಎತ್ತಿದಳು. "ಇವತ್ತು ಕೇಳಿದ್ರೂ ಅದನ್ನೇ ಅಂತೀನಿ. ಮುಚ್ಚಿದ್ದಕ್ಕೆ ನಂಗೆ ಬೇಜಾರಿಲ್ಲ. ನಿನ್ನ ಹತ್ರ ಮುಚ್ಚಿಟ್ಟೆನಲ್ಲ, ಅದು ತಪ್ಪು. ಅದು ದೊಡ್ಡ ತಪ್ಪು."

ಇಪ್ಪತ್ತೇಳು ವರ್ಷದಲ್ಲಿ ಆ ಬಾಯಿಂದ 'ತಪ್ಪು' ಎಂಬ ಮಾತು ತನ್ನ ಬಗ್ಗೆ ಬಂದದ್ದು ಅದೇ ಮೊದಲು. ಹೇಳಿ ಮುಗಿಸಿದ ಯುನಿಸ್ ಷೀನಾಳ ದೊಡ್ಡ ಗಾಜಿನಾಚೆ ನೋಡಿದಳು. "ಇದೇನಾ ನೋಡ್ಕೊಂಡು ಪಾತ್ರೆ ತೊಳೀತೀಯಾ? ಕಸದ ಡಬ್ಬೀನ?" ಎಂದಳು.

ಲಿನೆಟ್‌ಗೆ ನಗು ಬಂತು. ಬರಬಾರದಾಗಿತ್ತು, ಬಂತು. ಭಾನುವಾರ ಅವಳು ಮನೆಗೆ ಹೋದಳು. ಡೆನ್ಜಿಲ್ ಬಾಗಿಲಲ್ಲೇ ನಿಂತು, ಕೋಳಿಯ ಸುದ್ದಿ ಎತ್ತದೆ, "ನಂದು ತಪ್ಪಾಯ್ತು," ಎಂದ. ಅವಳು ಅವನನ್ನು ಪೂರ್ತಿ ಕ್ಷಮಿಸಲು ಇನ್ನೂ ಬಹಳ ದಿನ ಹಿಡಿಯಿತು. ಅಲ್ಲಿಯವರೆಗೆ ರಾತ್ರಿಯ ಪಾತ್ರೆಯೆಲ್ಲ ಅವನೇ ತೊಳೆದ.

*

ಸೆಪ್ಟೆಂಬರ್ ಇಪ್ಪತ್ತಾರಕ್ಕೆ ಕೌನ್ಸಿಲ್ಲಿನ ಕಾಗದ ಬಂತು. ಈ ಸಲ ದಪ್ಪ ಲಕೋಟೆ. ಲಿನೆಟ್ ನಿಂತುಕೊಂಡೇ ಓದಿದಳು, ಆಮೇಲೆ ಕೂತು ಇನ್ನೊಮ್ಮೆ ಓದಿದಳು.

"ಏನಂತೆ? ಜೈಲಾ?" ಎಂದ ಡೆನ್ಜಿಲ್.

"'ಅನುಮತಿಯಿಲ್ಲದೆ ಮುಚ್ಚಿರುವ ಕಿಟಕಿಯನ್ನು ಆರು ತಿಂಗಳೊಳಗೆ ತೆರೆದು, ಫೋಟೋದಲ್ಲಿ ಇರುವಂತೆಯೇ ಮತ್ತೆ ನಿಲ್ಲಿಸತಕ್ಕದ್ದು. ತಪ್ಪಿದರೆ ಕಠಿಣ ಕ್ರಮ.'" ಲಿನೆಟ್ ಕಾಗದ ಮೇಜಿನ ಮೇಲೆ ಹಾಕಿದಳು. "ಕಿಟಕಿ ಕೊಡಿ ಅಂತ ಎರಡು ವರ್ಷ ಕಾಲು ಹಿಡಿದೆ, ಕೊಡ್ಲಿಲ್ಲ. ಈಗ ಕಿಟಕಿ ಇಡ್ದಿದ್ರೆ ಶಿಕ್ಷೆಯಂತೆ! ಇವರಿಗೆ ತಲೆ ನೆಟ್ಟಗಿದೆಯಾ?"

"ನನ್ನ ವಿಷಯ ಏನಂತೆ?" ಎಂದಳು ಯುನಿಸ್. ಕೋರ್ಟಿಗೆ ಹೋಗಲೆಂದು ಹ್ಯಾಟು, ನೀಲಿ ಕೋಟು ಆರು ವಾರದಿಂದ ಬಾಗಿಲ ಹಿಂದೆ ಸಿದ್ಧವಾಗಿ ತೂಗುತ್ತಿದ್ದವು.

"'ವಯಸ್ಸನ್ನು ಗಮನಿಸಿ ಮೊಕದ್ದಮೆ ಹೂಡುವುದಿಲ್ಲ' ಅಂತಿದೆ, ಅತ್ತೆ."

"ವಯಸ್ಸಾ?" ಯುನಿಸ್‌ಗೆ ಅವಮಾನವೇ ಆಯಿತು. "ನಂಗೆ ವಯಸ್ಸಾಗಿದೆ ಅಂತ ಆ ಹುಡುಗಿಗೆ ಹೇಳಿದವರು ಯಾರು?"

ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತು ಎಂದುಕೊಂಡರೆ ನಿಮಗೆ ಕೌನ್ಸಿಲ್ಲಿನ ಪರಿಚಯವಿಲ್ಲ ಎಂದರ್ಥ. ಕಿಟಕಿ ತೆರೆಯಬೇಕಾದರೆ ಒಲೆ ಅಲ್ಲಿಂದ ಏಳಬೇಕು. ಎದ್ದರೆ ಕೂರುವುದಕ್ಕಿದ್ದದ್ದು ಹಳೆಯ ಒಲೆಗುಂಡಿ ಒಂದೇ, ಯುನಿಸ್ ಹೊಗೆ ಕುಡಿದಿದ್ದ ಅದೇ ಜಾಗ. ಅಲ್ಲಿಗೆ ಹೊಗೆಕೊಳವೆ ಏರಿಸಲು ಬೇರೆಯೇ ಅರ್ಜಿ. ಎಂಟು ವಾರ ಎಂದರು. ಎಂಟು ವಾರದ ಮೇಲೆ ಒಲೆಗುಂಡಿಗೂ ಒಂದು ವಿಶೇಷ ಗುಣವಿದೆ, ಪರಿಶೀಲಿಸಬೇಕು ಎಂದರು. ನವೆಂಬರಿನಲ್ಲಿ ಒಲೆ ಕಿತ್ತು ಕೊಟ್ಟಿಗೆಯಲ್ಲಿ ಗೋಣಿ ಹೊದೆಸಿ ನಿಲ್ಲಿಸಿದರು. ಬ್ಲಾಕು ಒಡೆದ ಜಾಗಕ್ಕೆ ಟಾರ್ಪಾಲು ಕಟ್ಟಿದರು. ಬಡಗಿ ಓಕ್ ಮರ ಒಣಗಬೇಕು ಎಂದ. ಸಿಮೆಂಟ್ ಗಾರೆ ಕೆತ್ತಿ ಸುಣ್ಣದ ಗಾರೆ ಹಚ್ಚುವವನು ಚಳಿಗೆ ಸುಣ್ಣ ಹಿಡಿಯುವುದಿಲ್ಲ ಎಂದ. ಚಳಿಗಾಲವೆಲ್ಲ ಎರಡು ಬಾಯಿಯ ಗ್ಯಾಸ್ ಒಲೆಯಲ್ಲಿ ಅಡಿಗೆ. ಕ್ರಿಸ್‌ಮಸ್‌ಗೆ ಬಾತುಕೋಳಿಯನ್ನು ಷೀನಾಳ ಮನೆಯಲ್ಲಿ ಬೇಯಿಸಿ ಕಾರಿನಲ್ಲಿ ತಂದರು. ಟಾರ್ಪಾಲು ಪಟಪಟ ಬಡಿಯುವಾಗ ಎಲ್ಲರೂ ಕೋಟು ಹಾಕಿಕೊಂಡು ಉಂಡರು.

"ಕಿಟಕಿ ಬೇಕು ಅಂದ್ಯಲ್ಲ, ಅನುಭವಿಸು," ಎಂದ ಡೆನ್ಜಿಲ್ ಒಂದು ದಿನ, ಅವನೂ ರೋಸಿಹೋಗಿ.

"ಅನುಭವಿಸ್ತಾ ಇರೋದು ನಿನ್ನ ಅಮ್ಮ," ಎಂದಳು ಲಿನೆಟ್.

ಅದು ನಿಜವೇ. ಐವತ್ತು ವರ್ಷ ಬೆನ್ನಿಗೆ ಬಿಸಿ ತಾಕುತ್ತಿದ್ದ ಕುರ್ಚಿ ಈಗ ತಣ್ಣನೆಯ ಒಲೆಗುಂಡಿಯ ಮೂಲೆಗೆ ಹೋಗಿತ್ತು. ಯುನಿಸ್ ಎರಡು ಶಾಲು ಹೊದ್ದು, ಬಿಸಿನೀರಿನ ರಬ್ಬರ್ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದಳು. ಒಂದು ಸಲವೂ ಚಳಿ ಎನ್ನಲಿಲ್ಲ. ಲಿನೆಟ್ ದಿನಕ್ಕೆ ನಾಲ್ಕು ಸಲ ಆ ಚೀಲಕ್ಕೆ ನೀರು ಕಾಯಿಸಿ ತುಂಬಿದಳು. ಅತ್ತೆ ಕೇಳಲಿ ಎಂದು ಒಂದು ಸಲವೂ ಕಾಯಲಿಲ್ಲ.

ಫೆಬ್ರವರಿಯ ಕೊನೆಯ ಮಂಗಳವಾರ ಬಡಗಿ ಕಿಟಕಿ ತಂದು ನಿಲ್ಲಿಸಿದ. ಮೂರು ಭಾಗ, ಓಕ್ ಕಂಬಿ, ಪುಟ್ಟ ಪುಟ್ಟ ಗಾಜು. ಫಿಲಿಪಾ ಬಂದು ಫೋಟೋ ಹಿಡಿದು ಹೋಲಿಸಿ, ತಲೆಯಾಡಿಸಿ ಹೋದಳು. ಹೋಗುವ ಮುಂಚೆ ಸ್ಕೋನಿಗೆ ಮೊದಲು ಕೆನೆ ಹಚ್ಚಿಕೊಂಡಳು, ಟ್ಯಾಮ್ಸಿನ್ ಹೇಳಿಕೊಟ್ಟಿದ್ದಳು.

ಮರುದಿನ ಬೆಳಗ್ಗೆ ಮೋಡ ಸರಿದು ಬಿಸಿಲು ನೇರ ಅಡಿಗೆಮನೆಗೆ ಇಳಿಯಿತು. ನೆಲದ ಕಲ್ಲುಗಳ ಮೇಲೆ ಹರಿದು, ಮೇಜು ಹತ್ತಿ, ಆಚೆ ಗೋಡೆಯ ತಟ್ಟೆಬೀರುವಿನವರೆಗೂ ಹೋಯಿತು. ಲಿನೆಟ್ ಕಾಫಿಯ ಲೋಟ ಹಿಡಿದು ಅಡಿಗೆಮನೆಯ ನಡುವೆ ನಿಂತುಬಿಟ್ಟಳು. ಇದಕ್ಕಾಗಿ ಇಪ್ಪತ್ತೇಳು ವರ್ಷ. ಕುಣಿಯಬೇಕು ಅನಿಸುತ್ತದೆ ಎಂದುಕೊಂಡಿದ್ದಳು. ಕಂಡದ್ದು ಬೇರೆ. ಸೀಲಿಂಗಿನ ತೊಲೆಗಳಿಂದ ಜಿಡ್ಡು ತೊಟ್ಟಿಕ್ಕುವ ಹಾಗಿತ್ತು. ಹೊಗೆಕೊಳವೆ ಇದ್ದ ಕಡೆ ಉದ್ದಕ್ಕೆ ಕಂದು ಕಲೆ. ಸುಣ್ಣ ಬಿಳಿಯೆಂದು ತಿಳಿದಿದ್ದ ಗೋಡೆ ಚಹಾದ ಬಣ್ಣಕ್ಕಿತ್ತು. ಮೂಲೆಗಳಲ್ಲಿ ಜೇಡರ ಬಲೆ ಬಟ್ಟೆ ಒಣಹಾಕಿದ ಹಾಗೆ.

ಬೆನ್ನ ಹಿಂದೆ ಬಾಗಿಲು ಕಿರುಗುಟ್ಟಿತು. ಯುನಿಸ್ ಶಾಲು ಹೊದ್ದು ಒಳಗೆ ಬಂದು ನಿಂತಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಮೇಲೆ ಕೆಳಗೆ ನೋಡಿದಳು.

"ಥೂ," ಎಂದಳು. "ಏನು ಗಲೀಜು! ಇಷ್ಟು ವರ್ಷ ಇದರಲ್ಲಾ ನಾವು ಉಂಡಿದ್ದು?"

"ಐವತ್ತು ವರ್ಷದ ಕೊಳೆ, ಅತ್ತೆ. ಅರ್ಧ ನಿಮ್ದು."

"ಇಪ್ಪತ್ತೊಂದು ವರ್ಷ ನಂದು. ಉಳಿದಿದ್ದೆಲ್ಲ ನಿಂದು."

ಲಿನೆಟ್‌ಗೆ ಚುರುಕ್ಕೆಂದಿತು. ಉತ್ತರ ಕೊಡಲು ಬಾಯಿ ತೆರೆದಳು. ಅಷ್ಟರಲ್ಲಿ ಯುನಿಸ್‌ಳ ಕೈ, ತಾನಾಗಿಯೇ, ಗೋಡೆಯ ಸ್ವಿಚ್ಚಿಗೆ ಹೋಯಿತು. ಟ್ಯೂಬ್‌ಲೈಟ್ ಆರಿತು.

ಇಬ್ಬರೂ ಕಾದರು, ಹಳೇ ಅಭ್ಯಾಸ. ಕತ್ತಲಾಗಲಿಲ್ಲ. ಏನೂ ಆಗಲಿಲ್ಲ. ಮೇಜಿನ ಮೇಲಿನ ಬೆಣ್ಣೆ, ಸಕ್ಕರೆ ಬಟ್ಟಲು, ಅತ್ತೆಯ ಕೈಮೇಲಿನ ನೀಲಿ ನರಗಳು ಎಲ್ಲ ಹಾಗೇ ಕಾಣುತ್ತಿದ್ದವು.

"ಹಗಲು ಹೊತ್ತಲ್ಲಿ ಲೈಟ್ ಯಾಕೆ?" ಎಂದಳು ಯುನಿಸ್, ಮೆಲ್ಲಗೆ.

ಲಿನೆಟ್ ಸ್ವಿಚ್ಚಿನ ಕಡೆ ಹೋಗಲಿಲ್ಲ. ಗ್ಯಾಸ್ ಒಲೆಯ ಎರಡೂ ಬಾಯಿಗೆ ನೀರಿಟ್ಟಳು, ಬಕೆಟ್ಟಿಗೆ ಸೋಡಾ ಪುಡಿ ಸುರಿದಳು, ಹಳೇ ಬಟ್ಟೆಯನ್ನು ಎರಡಾಗಿ ಹರಿದು ಒಂದನ್ನು ಅತ್ತೆಯ ಕಡೆ ಚಾಚಿದಳು.

"ನಿಮ್ಮ ಇಪ್ಪತ್ತೊಂದು ವರ್ಷ ಆ ಕಡೆಯಿಂದ ಶುರು ಮಾಡಿ, ಅತ್ತೆ," ಎಂದಳು. "ಬಿಸಿಲು ಬೀಳೋ ಕಡೆಯಿಂದ. ಅಲ್ಲಿ ಬೆಚ್ಚಗಿದೆ."

ಯುನಿಸ್ ಮೇಲಿನ ಶಾಲು ತೆಗೆದು ಕುರ್ಚಿಯ ಬೆನ್ನಿಗೆ ಹಾಕಿ, ಕಿಟಕಿಯ ಪಕ್ಕಕ್ಕೆ ಹೋಗಿ ತೋಳು ಮಡಚತೊಡಗಿದಳು.